ಹಳೆಯ ರಾಕ್ ಎಲ್‌ಪಿ ಮುಖಪುಟಗಳಿಂದ ವಿಡಿಯೊ ಮಾಡುವವರೇ, ಮೊದಲು ಆ ರಟ್ಟನ್ನು ಪೂರ್ತಿ ತೆರೆದು ನೋಡಿ

ತೇಲುದ್ವೀಪ

ಈಗ ಎಲ್ಲಿ ನೋಡಿದರೂ ಒಂದೇ ಬಗೆಯ ಸೈಕೆಡೆಲಿಕ್ ವಿಡಿಯೊ. ಎಪ್ಪತ್ತರ ದಶಕದ ಯಾವುದೋ ರಾಕ್ ಆಲ್ಬಮ್ಮಿನ ಮುಖಪುಟ ಹಿಡಿಯುವುದು, ಅದರೊಳಕ್ಕೆ ಕ್ಯಾಮೆರಾ ನುಗ್ಗಿಸುವುದು. ಬಂಡೆ ಕಣ್ಣಾಗುತ್ತದೆ, ಕಣ್ಣು ಹೂವಾಗುತ್ತದೆ, ಹೂವು ತಲೆಬುರುಡೆ ಆಗುತ್ತದೆ, ಹೀಗೇ ಕರಗುತ್ತಾ ಹೋಗುತ್ತದೆ. ಮೊದಲು ಬೆರಗಾಗುತ್ತದೆ, ನಿಜ. ಒಂದು ನಿಮಿಷ ಕಳೆಯುವಷ್ಟರಲ್ಲಿ ನೋಡಿದ್ದು ಯಾವುದೂ ತಲೆಯಲ್ಲಿ ಉಳಿದಿರುವುದಿಲ್ಲ. ಮೂಲ ಮುಖಪುಟ ಮಾತ್ರ ಐವತ್ತು ವರ್ಷ ಆದರೂ ಕಣ್ಣು ಬಿಡಿಸಿಕೊಳ್ಳಲು ಬಿಡುವುದಿಲ್ಲ. ಈ ವ್ಯತ್ಯಾಸ ಎಲ್ಲಿಂದ ಬಂತು ಅನ್ನುವುದನ್ನು ಇಲ್ಲಿ ಮಾತಾಡೋಣ ಅನ್ನಿಸಿತು.

ನನಗೆ ಅನ್ನಿಸುವುದು ಇಷ್ಟು. ಆ ಮುಖಪುಟಗಳಲ್ಲಿ ಒಳ್ಳೆಯವೆಲ್ಲ ತಮ್ಮೊಳಗೇ ಒಂದು ಕಾಲವನ್ನು ಇಟ್ಟುಕೊಂಡಿವೆ. ಎಲ್‌ಪಿ ಅಂದರೆ ದೊಡ್ಡ ಗ್ರಾಮಫೋನ್ ತಟ್ಟೆ, ಅದರ ಒಂದು ಬದಿ ಹೆಚ್ಚುಕಡಿಮೆ 20 ನಿಮಿಷ. ಅಷ್ಟು ಹೊತ್ತು ಕೇಳುಗರ ಕೈಯಲ್ಲಿ ಹನ್ನೆರಡು ಇಂಚಿನ ಆ ರಟ್ಟು ಇರುತ್ತಿತ್ತು. ಮುಂದೆ ನೋಡಿ, ಹಿಂದೆ ತಿರುಗಿಸಿ, ಮಡಿಕೆ ಬಿಚ್ಚಿ ಒಳಗೆ ನೋಡುತ್ತಿದ್ದರು. ಈ ಓಡಾಟವನ್ನು ಲೆಕ್ಕ ಹಾಕಿಯೇ ಕಲಾವಿದರು ಚಿತ್ರ ಕಟ್ಟಿದ್ದರು.

ಪಿಂಕ್ ಫ್ಲಾಯ್ಡ್‌ ತಂಡದ 1973ರ 'ಡಾರ್ಕ್ ಸೈಡ್ ಆಫ್ ದಿ ಮೂನ್' ಆಲ್ಬಮ್ಮಿನ ಪಟ್ಟಕದ ಮುಖಪುಟ ಎಲ್ಲರಿಗೂ ಗೊತ್ತು. ಲಂಡನ್ನಿನ ಹಿಪ್ನೋಸಿಸ್ ಅನ್ನುವ ಡಿಸೈನ್ ಸಂಸ್ಥೆಯ ಸ್ಟಾರ್ಮ್ ಥಾರ್ಗರ್ಸನ್ ಮತ್ತು ಆಬ್ರಿ ಪೊವೆಲ್ ಅವರ ಯೋಜನೆ, ಗೆರೆ ಎಳೆದವರು ಜಾರ್ಜ್ ಹಾರ್ಡಿ. ಟೀಶರ್ಟಿನ ಮೇಲೆ ನಾವು ನೋಡುವುದು ಅದರ ಒಂದು ಭಾಗ ಮಾತ್ರ. ಪೂರ್ತಿ ಬಿಚ್ಚಿದರೆ ಬಣ್ಣದ ಪಟ್ಟಿ ಒಳಪುಟಕ್ಕೆ ಹರಿದುಹೋಗಿ ಅಲ್ಲಿ ಎದೆಬಡಿತದ ಗೆರೆಯಾಗಿ ಏರಿಳಿಯುತ್ತದೆ. ಹಿಂಬದಿಯಲ್ಲಿ ತಲೆಕೆಳಗಾದ ಇನ್ನೊಂದು ಪಟ್ಟಕ. ಬಣ್ಣಗಳು ಅದರೊಳಗೆ ಸೇರಿ ಮತ್ತೆ ಬಿಳಿ ಗೆರೆಯಾಗಿ ಹೊರಬಂದು ಮುಂಬದಿಯ ಪಟ್ಟಕಕ್ಕೇ ಹೋಗಿ ಮುಟ್ಟುತ್ತವೆ. ಅಂಗಡಿಯ ಗಾಜಿನ ಹಿಂದೆ ಹತ್ತು ಪ್ರತಿ ಸಾಲಾಗಿ ಬಿಚ್ಚಿಟ್ಟರೆ ಬೆಳಕು ಎಲ್ಲಿಯೂ ಕಡಿಯದೆ ಹರಿಯುತ್ತದೆ. ಇವತ್ತು ನಾವು ಲೂಪ್ ಅನ್ನುವುದು ಆಗಲೇ ಕಾಗದದ ಮೇಲೆ ಇತ್ತು! ಆ ಮುಖಪುಟದ ವಿಡಿಯೊ ಮಾಡುವವರು ಪಟ್ಟಕವನ್ನು ಕರಗಿಸಿ ಜೆಲ್ಲಿಮೀನು ಮಾಡಿದರೆ ಆ ಲೂಪ್ ಸತ್ತಿತು.

ಮುಖಪುಟ ಕಲಾವಿದ ರೋಜರ್ ಡೀನ್ ಇನ್ನೊಂದು ದಾರಿ ಹಿಡಿದವರು. ಯೆಸ್ ತಂಡದ 1971ರ 'ಫ್ರ್ಯಾಜೈಲ್' ಮುಂಬದಿಯಲ್ಲಿ ಮರ ಬೆಳೆದ ಪುಟಾಣಿ ಗ್ರಹ, ಅದರ ಮೇಲೆ ಹಾರುವ ಮರದ ಹಡಗು. ಹಿಂಬದಿಯಲ್ಲಿ ಅದೇ ಗ್ರಹ ಒಡೆದು ಚೂರಾಗುತ್ತಿದೆ. ಎರಡು ವರ್ಷ ಆದಮೇಲೆ ಬಂದ ಮೂರು ತಟ್ಟೆಗಳ 'ಯೆಸ್‌ಸಾಂಗ್ಸ್'ನಲ್ಲಿ ಆ ಚೂರುಗಳು ತೇಲಿಕೊಂಡು ಹೋಗಿ ಹೊಸ ಲೋಕ ಮುಟ್ಟುತ್ತವೆ, ಅಲ್ಲಿ ಜೀವ ಚಿಗುರುತ್ತದೆ. ಮುಖಪುಟದಿಂದ ಮುಖಪುಟಕ್ಕೆ ಕಥೆ ನಡೆದಿದೆ, ವರ್ಷಗಳ ಅಂತರದಲ್ಲಿ. ಇಷ್ಟು ನಿಧಾನದ ಅನಿಮೇಷನ್ ಬೇರೆ ಎಲ್ಲಿ ಸಿಗುತ್ತದೆ?

ಹಾಗಾಗಿ ಸಾಫ್ಟ್‌ವೇರ್ ತೆರೆಯುವ ಮೊದಲು ಕೇಳಿಕೊಳ್ಳಬೇಕಾದ್ದು: ಈ ಚಿತ್ರದೊಳಗೆ ಈಗಾಗಲೇ ಇರುವ ಚಲನೆ ಯಾವುದು? ಅದನ್ನು ಹೊರತೆಗೆದರೆ ಸಾಕು. ನೀವೆಲ್ಲ ಏನು ಮಾಡುತ್ತಿದ್ದೀರಿ, ಯಾವ ವಿಧಾನದಲ್ಲಿ, ಹೇಳಿ.

ಹೊಸಮಾದರಿ

ಕರಗುವ ವಿಡಿಯೊ ಮಾಡುವವರಲ್ಲಿ ನಾನೂ ಒಬ್ಬ, ಅದಕ್ಕೆ ಉತ್ತರಿಸುತ್ತಿದ್ದೇನೆ. ನನಗೆ ಕುಂಚ ಹಿಡಿಯಲು ಬರುವುದಿಲ್ಲ. 2015ರಲ್ಲಿ ಗೂಗಲ್‌ನ ಡೀಪ್‌ಡ್ರೀಮ್ ಚಿತ್ರಗಳು ಬಂದಾಗ, ಮೋಡದಲ್ಲಿ ನಾಯಿಮುಖ ಕಾಣುವ ಆ ಚಿತ್ರಗಳನ್ನು ನೋಡಿ, ಕಂಪ್ಯೂಟರಿಗೂ ಇಂಥ ಕಣ್ಣು ಇದೆಯಲ್ಲ ಅಂತ ರೋಮಾಂಚನ ಆಯಿತು. 2022ರಿಂದ, ಮಾತಿನಲ್ಲಿ ಹೇಳಿದ್ದನ್ನು ಚಿತ್ರ ಮಾಡಿಕೊಡುವ ಎಐ ಆದ ಸ್ಟೇಬಲ್ ಡಿಫ್ಯೂಷನ್ ನನ್ನಂಥವರಿಗೆ ಬಾಗಿಲು ತೆರೆಯಿತು.

'ಡಾರ್ಕ್ ಸೈಡ್'ಗೆ 50 ವರ್ಷ ತುಂಬಿದಾಗ ಪಿಂಕ್ ಫ್ಲಾಯ್ಡ್ ಕಡೆಯಿಂದಲೇ ಅನಿಮೇಷನ್ ಸ್ಪರ್ಧೆ ನಡೆಯಿತು. ಗೆದ್ದ ವಿಡಿಯೊಗಳಲ್ಲಿ ಒಂದು ಎಐ ಬಳಸಿದ್ದು ಅಂತ ಗೊತ್ತಾಗಿ ಅಭಿಮಾನಿಗಳು ರೊಚ್ಚಿಗೆದ್ದರು. ನನಗೆ ಅದು ಬೇಸರ ತರಿಸಿತು. ಕಿಂಗ್ ಕ್ರಿಮ್ಸನ್‌ನ 1969ರ ಮೊದಲ ಆಲ್ಬಮ್ಮಿಗೆ ಆ ಕಿರುಚುವ ಮುಖ ಬರೆದ ಬ್ಯಾರಿ ಗಾಡ್‌ಬರ್ ಹೊಟ್ಟೆಪಾಡಿಗೆ ಮಾಡುತ್ತಿದ್ದ ಕೆಲಸ ಕಂಪ್ಯೂಟರ್ ಪ್ರೋಗ್ರಾಮಿಂಗ್. ಆಲ್ಬಮ್ ಬಂದು ಕೆಲವೇ ತಿಂಗಳಿಗೆ, 24ನೇ ವಯಸ್ಸಿಗೆ, ತೀರಿಹೋದರು. ಅವರು ಈಗ ಬದುಕಿದ್ದರೆ ಈ ಉಪಕರಣ ಮುಟ್ಟುತ್ತಲೇ ಇರಲಿಲ್ಲ ಅಂತ ಯಾರು ಹೇಳಬಲ್ಲರು?

ತೇಲುದ್ವೀಪ

@ಹೊಸಮಾದರಿ ಉಪಕರಣದ ಮೇಲೆ ನನಗೆ ಸಿಟ್ಟಿಲ್ಲ. ಗಾಡ್‌ಬರ್ ಚಿತ್ರವನ್ನೇ ತೆಗೆದುಕೊಳ್ಳಿ. ಹೊರಗೆ ತಂಡದ ಹೆಸರೂ ಇಲ್ಲ, ಬರೀ ಬಾಯಿ ಕಿಸಿದ ಕೆಂಪು ಮುಖ, ಕಣ್ಣಲ್ಲಿ ದಿಗಿಲು. ಮಡಿಕೆ ಬಿಚ್ಚಿದರೆ ಒಳಗೆ ನಗುವ ಇನ್ನೊಂದು ಮುಖ. ಆ ನಗುವನ್ನು ಕೈಯಿಂದ ಮುಚ್ಚಿ ಕಣ್ಣನ್ನಷ್ಟೇ ನೋಡಿದರೆ ಅಲ್ಲಿ ದುಃಖ ಇದೆ. ಕಿರುಚಾಟದಿಂದ ಆ ನಗೆಗೆ ಹೋಗುವ ನಡುವೆ ಒಂದು ರಟ್ಟಿನ ಬಾಗಿಲು ತೆರೆಯಬೇಕು. ನಿಮ್ಮ ವಿಡಿಯೊದಲ್ಲಿ ಆ ಬಾಗಿಲು ಎಲ್ಲಿದೆ ಅನ್ನುವುದಷ್ಟೇ ನನ್ನ ಪ್ರಶ್ನೆ.

ಗಾಜಿನಬಟ್ಟಲು

ನಮಸ್ಕಾರ್ರಿ, ಹುಬ್ಬಳ್ಳಿಯಿಂದ ಬರ್ಯಾಕತ್ತೇನಿ. ನೀವೆಲ್ಲ ಸಾಫ್ಟ್‌ವೇರ್ ಮಾತಾಡ್ತೀರಿ, ನಾ ಎಣ್ಣಿ ಮಾತಾಡ್ತೀನಿ.

ಈ ಮುಖಪುಟದ ಕಲೆ ಹುಟ್ಟಿದ ಜಾಗ ಯಾವುದು ಅಂದ್ರ, ಅದು ಕುಣಿಯೋ ಹಾಲ್‌ಗಳ ಗೋಡಿ. ಸ್ಯಾನ್ ಫ್ರಾನ್ಸಿಸ್ಕೊದಾಗ ಸೀಮೋರ್ ಲಾಕ್ಸ್ ಅನ್ನೋ ಕಲಾ ಮೇಷ್ಟ್ರು 1952ರಾಗ ಗಾಜಿನ ಬಟ್ಟಲದಾಗ ಬಣ್ಣ ಕಲಿಸಿ ಪ್ರೊಜೆಕ್ಟರ್ ಮ್ಯಾಲೆ ಇಟ್ಟು ತೋರಿಸಿದ್ರು. ಅಲ್ಲಿಂದ ಹಬ್ಬಿದ್ದು. ಲಂಡನ್ನಿನ ಯುಎಫ್ಓ ಕ್ಲಬ್ಬಿನಾಗ ಮಾರ್ಕ್ ಬಾಯ್ಲ್, ಜೋನ್ ಹಿಲ್ಸ್ ಅನ್ನೋ ಜೋಡಿ ಸಾಫ್ಟ್ ಮಶೀನ್ ತಂಡದ ಹಿಂದ ಇದನ್ನ ಮಾಡಿದ್ರು. ನ್ಯೂಯಾರ್ಕಿನ ಫಿಲ್ಮೋರ್ ಈಸ್ಟ್ ಅನ್ನೋ ಹಾಲ್‌ನಾಗ 1968ರಿಂದ ಜೋಶುವಾ ಲೈಟ್ ಶೋ ಅನ್ನೋ ಬೆಳಕಿನ ತಂಡ. ಪರದೆ ಹಿಂದಿನಿಂದ ಬೆಳಕು ಬಿಡ್ತಿದ್ರು, ಮುಂದ ತಂಡ ಬಾರಿಸ್ತಿತ್ತು. ಅದೆಲ್ಲಾ ಅಲ್ಲೇ ಹಾಡಿನ ಜೊತಿ ಜೊತಿ ಕೈಯಿಂದ ಆಗ್ತಿತ್ತು. ಇವತ್ತಿನ ರಾತ್ರಿ ಬಂದ ಆಕಾರ ನಾಳಿ ರಾತ್ರಿ ಬರೂದಿಲ್ಲ.

ಮಾಡೋ ರೀತಿ ಹೇಳ್ತೀನಿ, ಯಾರಾದ್ರೂ ಮಾಡ್ರಿ. ಪ್ರಯೋಗಾಲಯದ ಸಾಮಾನು ಮಾರೋ ಅಂಗಡ್ಯಾಗ ವಾಚ್ ಗ್ಲಾಸ್ ಅಂತ ಸಿಗ್ತಾವ, ತೆಳು ಗಾಜಿನ ತಗ್ಗು ತಟ್ಟಿ. ಒಂದು ದೊಡ್ಡದು, ಒಂದು ಸ್ವಲ್ಪ ಸಣ್ಣದು. ದೊಡ್ಡದ್ರಾಗ ಔಷಧ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಹಾಕ್ರಿ. ಅದಕ್ಕ ಅಡಗಿ ಬಣ್ಣ ಹಾಕಿದ್ರ ಕರಗೂದಿಲ್ಲ, ಕಾಳಾಗಿ ತಳಕ್ಕ ಕೂಡ್ತೈತಿ. ಎಣ್ಣ್ಯಾಗ ಕರಗೋ ಮೇಣದಬತ್ತಿ ಬಣ್ಣ ಬೇಕು. ಅಡಗಿ ಬಣ್ಣ ನೀರಿಗೆ ಹಾಕ್ರಿ. ಕೆಂಪು ಎಣ್ಣಿ, ನೀಲಿ ನೀರು. ಎರಡೂ ಒಂದಕ್ಕೊಂದು ಸೇರೂದಿಲ್ಲ, ಗಡಿ ಕಟ್ಟಿಕೊಂಡು ಗುಳ್ಳಿ ಗುಳ್ಳಿ ಆಗಿ ಒಡೀತಾವ. ಸಣ್ಣ ಗಾಜು ಮ್ಯಾಲೆ ಇಟ್ಟು ಡ್ರಮ್ ತಾಳಕ್ಕ ಬೆರಳಿನಿಂದ ಒತ್ರಿ. ಜ್ವಾಳದ ರೊಟ್ಟಿ ತಟ್ಟೂವಾಗ ಅಂಚಿಗೆ ಬೆರಳು ಹೆಂಗ ಹಗುರ ಆಗ್ತೈತಿ, ಹಂಗ ಹಗುರ ಇರಬೇಕು ಕೈ. ಒತ್ತಿದಾಗ ಬಣ್ಣ ತೆಳ್ಳಗಾಗಿ ಹಿಗ್ಗತೈತಿ, ಬಿಟ್ಟಾಗ ನಡುವಿಗೆ ಓಡಿ ಬರ್ತೈತಿ. ಆ ಓಡಿ ಬರೋದ್ರಾಗ ಜೀವ ಐತಿ.

ಮೊದಲೆಲ್ಲಾ ಓವರ್‌ಹೆಡ್ ಪ್ರೊಜೆಕ್ಟರ್ ದೀಪ ಕಾದು ಕಾದು ಬಣ್ಣ ತಾನ ಕುದ್ದು ಹರಿದಾಡ್ತಿತ್ತು. ಈಗ ಎಲ್‌ಇಡಿ ಹಲಗಿ ಕೆಳಗ ಇಟ್ಟು ಮ್ಯಾಲಿಂದ ಫೋನ್ ಕಟ್ಟಿದ್ರ ಸಾಕು. ಸ್ಪಿರಿಟ್ ಹಾಕಿದ್ರ ಬಣ್ಣ ಭಾಳ ಛಂದ ಚಿಮ್ಮತೈತಿ ಖರೆ, ಆದ್ರ ಬಿಸಿ ದೀಪದ ಹತ್ರ ಒಯ್ಯಲೇಬ್ಯಾಡ್ರಿ, ಬೆಂಕಿ ಹತ್ತತೈತಿ. ಕಿಟಕಿ ತಗದು ಕೂಡ್ರಿ.

ತೇಲುದ್ವೀಪ

ಇದೇ ನೋಡಿ ನಾನು ಹುಡುಕುತ್ತಿದ್ದದ್ದು. ಎಣ್ಣೆಗೂ ನೀರಿಗೂ ನಡುವಿನ ಆ ಗಡಿ ಒಡೆಯುವ ಕ್ಷಣಕ್ಕೆ ಒಂದು ಕಾರಣ ಇದೆ, ಬೆರಳು ಒತ್ತಿದ್ದು ಕಾಣದಿದ್ದರೂ ಕಣ್ಣಿಗೆ ಅದು ಗೊತ್ತಾಗುತ್ತದೆ.

ಕೆಂಪುನೀಲಿ

ಗ್ರಾಫಿಕ್ ಡಿಸೈನ್ ನನ್ನ ವೃತ್ತಿ. ಬಣ್ಣದ ವಿಷಯ ಯಾರೂ ಎತ್ತಲಿಲ್ಲ, ನಾನು ಎತ್ತುತ್ತೇನೆ.

ವಿಕ್ಟರ್ ಮೊಸ್ಕೊಸೊ ಯೇಲ್‌ನಲ್ಲಿ ಜೋಸೆಫ್ ಆಲ್ಬರ್ಸ್ ಹತ್ತಿರ ಬಣ್ಣ ಕಲಿತವರು. ಸ್ಯಾನ್ ಫ್ರಾನ್ಸಿಸ್ಕೊಗೆ ಬಂದು ರಾಕ್ ಪೋಸ್ಟರ್ ಮಾಡುವಾಗ ಮೇಷ್ಟ್ರು ಹೇಳಿಕೊಟ್ಟ ಪಾಠವನ್ನೆಲ್ಲ ಉಲ್ಟಾ ಹೊಡೆದರು. ಬಣ್ಣಗಳು ಕಣ್ಣು ಚುಚ್ಚಬಾರದು ಅನ್ನುವ ಕಡೆ ಚುಚ್ಚುವ ಹಾಗೆ, ಅಕ್ಷರ ಓದಲು ಬರಬೇಕು ಅನ್ನುವ ಕಡೆ ಬಾರದ ಹಾಗೆ. ಕೆಂಪು ಪಕ್ಕದಲ್ಲಿ ಅದೇ ಹೊಳಪಿನ ನೀಲಿಯೋ ಹಸಿರೋ ಇಟ್ಟರೆ ಎರಡರ ಗಡಿ ನಡುಗುತ್ತದೆ. ಹೊಳಪಿನಲ್ಲಿ ವ್ಯತ್ಯಾಸ ಇಲ್ಲದಿದ್ದರೆ ಅಂಚು ಎಲ್ಲಿದೆ ಅಂತ ನಿರ್ಧರಿಸಲು ಕಣ್ಣಿಗೆ ಕಷ್ಟ, ಅದಕ್ಕೇ ಈ ನಡುಕ. ಚಿತ್ರ ಅಲ್ಲಾಡುತ್ತಿಲ್ಲ, ನೋಡುವವರ ಕಣ್ಣಲ್ಲಿ ಅಲ್ಲಾಡುತ್ತಿದೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಅವರು ಕೆಲವು ಪೋಸ್ಟರ್‌ಗಳಲ್ಲಿ ಒಂದೇ ಆಕೃತಿಯ ಎರಡು ಭಂಗಿಗಳನ್ನು ಒಂದರ ಮೇಲೊಂದು ಅಚ್ಚು ಹಾಕಿದರು, ಒಂದು ಕೆಂಪಿನಲ್ಲಿ, ಒಂದು ನೀಲಿಯಲ್ಲಿ. ಕೆಂಪು ದೀಪ ಹಾಕಿದರೆ ಕೆಂಪು ಶಾಯಿ ಕಾಗದದಲ್ಲಿ ಲೀನವಾಗಿ ನೀಲಿ ಭಂಗಿ ಕಪ್ಪಗೆ ಎದ್ದು ನಿಲ್ಲುತ್ತದೆ. ನೀಲಿ ದೀಪ ಹಾಕಿದರೆ ಅದು ಮಾಯ, ಕೆಂಪಿನದು ಎದ್ದು ಬರುತ್ತದೆ. ದೀಪ ಬದಲಾಗುತ್ತಿದ್ದ ಕೋಣೆಯಲ್ಲಿ ಗೋಡೆಯ ಮೇಲಿನ ಕಾಗದ ಚಲಿಸುತ್ತಿತ್ತು. ಎರಡು ಫ್ರೇಮಿನ ಸಿನಿಮಾ, ಪ್ರೊಜೆಕ್ಟರ್ ಇಲ್ಲದೆ!

ಲಂಡನ್ನಿನಲ್ಲಿ ಇದಕ್ಕೆ ಹತ್ತಿರದ್ದು ಮಾರ್ಟಿನ್ ಶಾರ್ಪ್ ಕ್ರೀಮ್ ತಂಡಕ್ಕೆ 1967ರಲ್ಲಿ ಮಾಡಿದ 'ಡಿಸ್ರೇಲಿ ಗೇರ್ಸ್' ಮುಖಪುಟ. ಫೋಟೊ ಕತ್ತರಿಸಿ ಅಂಟಿಸಿ ಮೇಲೆ ಫ್ಲೋರೊಸೆಂಟ್ ಬಣ್ಣ ಬಳಿದದ್ದು. ಆ ಗುಲಾಬಿಯನ್ನು ಪರದೆಯ ಮೇಲೆ ತರಲು ಆಗುವುದೇ ಇಲ್ಲ, ಯಾಕೆಂದರೆ ಆ ಶಾಯಿ ಕಣ್ಣಿಗೆ ಕಾಣದ ಬೆಳಕನ್ನೂ ಹೀರಿ ಕಾಣುವ ಬೆಳಕಾಗಿ ವಾಪಸ್ ಕೊಡುತ್ತದೆ.

ಈಗ ಕೆಲಸಕ್ಕೆ ಬರುವ ಮಾತು. ಇಂಥ ಕೆಂಪು ನೀಲಿ ಅಂಚುಗಳು ನಿಮ್ಮ ಎಡಿಟಿಂಗ್ ಟೈಮ್‌ಲೈನಿನಲ್ಲಿ ಚೂಪಾಗಿದ್ದು ಅಪ್‌ಲೋಡ್ ಆದಮೇಲೆ ಕೊಳೆಯಾಗುತ್ತವೆ. ಕಾರಣ 4:2:0 ಅನ್ನುವ, ವಿಡಿಯೊ ಕುಗ್ಗಿಸುವ ವಿಧಾನ. ವಿಡಿಯೊ ಹೊಳಪನ್ನು ಪ್ರತಿ ಪಿಕ್ಸೆಲಿಗೂ ಇಟ್ಟುಕೊಳ್ಳುತ್ತದೆ, ಬಣ್ಣವನ್ನು ನಾಲ್ಕು ಪಿಕ್ಸೆಲಿಗೆ ಒಂದು ಸಲ ಮಾತ್ರ. ಮಾಮೂಲಿ ದೃಶ್ಯಕ್ಕೆ ಇದು ಗೊತ್ತೇ ಆಗುವುದಿಲ್ಲ. ಹೊಳಪು ಒಂದೇ ಇದ್ದು ಬಣ್ಣ ಮಾತ್ರ ಬೇರೆ ಇರುವ ಅಂಚಿಗೆ ಇದರಷ್ಟು ದೊಡ್ಡ ಶತ್ರು ಇಲ್ಲ. 1080 ಸಾಲಿನ ಕೆಲಸವನ್ನೂ 2160ಕ್ಕೆ ಹಿಗ್ಗಿಸಿ ಅಪ್‌ಲೋಡ್ ಮಾಡಿ. ಸಣ್ಣ ಪರದೆಯಲ್ಲಿ ನೋಡುವವರಿಗೆ ಆಗ ಪಿಕ್ಸೆಲಿಗೊಂದು ಬಣ್ಣ ಸಿಗುತ್ತದೆ.

ಮಿತಬೆಳಕು

@ಕೆಂಪುನೀಲಿ ತುಂಬ ಒಳ್ಳೆಯ ಮಾಹಿತಿ. ಆದರೆ ಓದುತ್ತಾ ಎದೆ ಧಸಕ್ ಅಂದಿತು, ಅದನ್ನು ಹೇಳಲೇಬೇಕು.

ಕೆಂಪು ನೀಲಿ ಬೆಳಕನ್ನು ಪೂರ್ತಿ ಪರದೆಯಲ್ಲಿ ಪಟಪಟ ಬದಲಿಸಿದರೆ ಬೆಳಕಿಗೆ ಅಪಸ್ಮಾರ ಬರುವವರಿಗೆ ಪ್ರಾಣಸಂಕಟ. ನಮ್ಮ ಮನೆಯಲ್ಲೇ ಅಂಥವರಿದ್ದಾರೆ. 1997ರ ಡಿಸೆಂಬರಿನಲ್ಲಿ ಜಪಾನಿನ ಟಿವಿಯಲ್ಲಿ ಪೋಕೆಮಾನ್ ಕಾರ್ಟೂನಿನ ಒಂದು ಕಂತು ಪ್ರಸಾರ ಆದಾಗ ಕೆಂಪು ನೀಲಿ ಮಿಂಚು ನೋಡಿ 600ಕ್ಕೂ ಹೆಚ್ಚು ಜನ, ಬಹುಪಾಲು ಮಕ್ಕಳು, ಆಸ್ಪತ್ರೆ ಸೇರಿದರು. ಅಲ್ಲೂ ಇದೇ ಎರಡು ಬಣ್ಣ. ಗಾಢ ಕೆಂಪಿನ ಮಿಂಚು ಉಳಿದವಕ್ಕಿಂತ ಅಪಾಯ.

ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಮಿಂಚು ಬೇಡ ಅನ್ನುವುದು ಎಲ್ಲರೂ ಒಪ್ಪಿದ ಮಿತಿ. ಶುರುವಿನಲ್ಲಿ ಎಚ್ಚರಿಕೆ ಹಾಕಿದರೆ ಸಾಲದು. ಫೋನಿನಲ್ಲಿ ವಿಡಿಯೊ ತಾನಾಗಿ ಓಡಲು ಶುರುವಾಗುತ್ತದೆ, ಎಚ್ಚರಿಕೆ ಓದುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ.

ಕೆಂಪುನೀಲಿ

ಒಪ್ಪಿದೆ, ಪೂರ್ತಿಯಾಗಿ. ದೀಪ ಮಿನುಗಬೇಕಾಗಿಯೂ ಇಲ್ಲ. ಕೆಂಪಿನಿಂದ ನೀಲಿಗೆ ಐದಾರು ಸೆಕೆಂಡ್ ತೆಗೆದುಕೊಂಡು ಜಾರಿಸಿದರೂ ಒಂದು ಭಂಗಿ ಕರಗಿ ಇನ್ನೊಂದು ಮೂಡುತ್ತದೆ. ನಡುವೆ ನೇರಳೆ ಬೆಳಕಿನಲ್ಲಿ ಎರಡೂ ಅರ್ಧ ಅರ್ಧ ಕಾಣುವ ಹೊತ್ತು ಬರುತ್ತದಲ್ಲ, ನನಗೆ ಅದೇ ಹೆಚ್ಚು ಇಷ್ಟ.

ಮಲ್ಪೆಕಡಲು

ಎಲ್ಲರದ್ದೂ ಓದಿ ಖುಷಿ ಆಯ್ತು ಮಾರಾಯ್ರೆ. ನನ್ನ ಕೆಲಸದ ಬಗ್ಗೆ ಹೇಳ್ತೇನೆ, ಯಾಕೆಂದ್ರೆ ತೇಲುದ್ವೀಪ ಅವರು ಕೇಳಿದ ಪ್ರಶ್ನೆಗೆ ಅದು ಸಂಬಂಧ ಉಂಟು.

ಲೆಡ್ ಜೆಪ್ಲಿನ್‌ನ 1973ರ 'ಹೌಸಸ್ ಆಫ್ ದಿ ಹೋಲಿ' ಮುಖಪುಟ ನೋಡಿದ್ದೀರಲ್ಲ, ಕಲ್ಲಿನ ಕಂಬಗಳ ಮೇಲೆ ಹೊಂಬಣ್ಣದ ಕೂದಲಿನ ಮಕ್ಕಳು ಹತ್ತಿ ಹೋಗುವುದು, ಆಕಾಶ ಕಿತ್ತಳೆ. ಅದು ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇ. ಆಬ್ರಿ ಪೊವೆಲ್ ಅಲ್ಲಿ ಹೋಗಿ ಸೂರ್ಯೋದಯಕ್ಕೆ ಸೂರ್ಯಾಸ್ತಕ್ಕೆ ಕಾದದ್ದು, ಸಿಕ್ಕಿದ್ದು ಬರೀ ಮಳೆ ಮೋಡ. ಕಪ್ಪು ಬಿಳುಪಿನಲ್ಲಿ ತೆಗೆದರು. ಮಕ್ಕಳು ಇಬ್ಬರೇ, ಅಕ್ಕ ತಮ್ಮ. ಬೇರೆ ಬೇರೆ ಜಾಗದಲ್ಲಿ ನಿಲ್ಲಿಸಿ ತೆಗೆದ ಫೋಟೊ ಕತ್ತರಿಸಿ ಜೋಡಿಸಿದ್ದರಿಂದ ಅಷ್ಟು ಮಂದಿ ಕಾಣ್ತಾರೆ. ಬಣ್ಣ ಆಮೇಲೆ ಕೈಯಲ್ಲಿ ಹಚ್ಚಿದ್ದು. ಅಂದ್ರೆ ಆ ಒಂದು ಚಿತ್ರದಲ್ಲಿ ಎಷ್ಟೋ ಬೇರೆ ಬೇರೆ ಗಳಿಗೆಗಳು ಒಟ್ಟಿಗೆ ನಿಂತಿವೆ. ಅದರ ಕಾಲ ಅದು.

ನಮ್ಮ ಮಲ್ಪೆಯಿಂದ ಬೋಟಿನಲ್ಲಿ ಹೋದ್ರೆ ಸೇಂಟ್ ಮೇರೀಸ್ ದ್ವೀಪ. ಅಲ್ಲಿಯೂ ಲಾವಾ ತಣಿದು ಒಡೆದ ಕಂಬಕಲ್ಲು, ಐದು ಮೂಲೆ ಆರು ಮೂಲೆಯದ್ದು. ಮಡಗಾಸ್ಕರ್ ನಮ್ಮ ನೆಲದಿಂದ ಬೇರೆ ಆದ ಕಾಲದ ಕಲ್ಲು ಅಂತ ಭೂವಿಜ್ಞಾನಿಗಳು ಹೇಳ್ತಾರೆ, ಎಂಟು ಕೋಟಿ ವರ್ಷಕ್ಕಿಂತಲೂ ಹಳತು. ಐರ್ಲೆಂಡಿನದ್ದು ಸುಮಾರು ಆರು ಕೋಟಿ. ನಮ್ಮದು ಹಿರಿಯಣ್ಣ.

ನಾನು ಮಾಡಿದ್ದು ಇಷ್ಟೆ. ಟ್ರೈಪಾಡ್ ಒಂದೇ ಕಡೆ ಇಟ್ಟು ಅಲ್ಲಾಡಿಸದೆ ಕಪ್ಪು ಬಿಳುಪಿನಲ್ಲಿ ತೆಗೆಯುವುದು. ಒಬ್ಬಳೇ ಹುಡುಗಿ, ತಂಗಿಯ ಮಗಳು, ಒಂದು ಕಲ್ಲಿನಿಂದ ಇನ್ನೊಂದಕ್ಕೆ ಹೋಗ್ತಾಳೆ. ಅವಳು ಹೋದ ಜಾಗದಲ್ಲಿ ಅವಳ ಹಿಂದಿನ ರೂಪ ಹಾಗೆಯೇ ಉಳಿಯುತ್ತದೆ, ಮಾಸ್ಕ್ ಹಾಕಿ ಉಳಿಸುವುದು. ಕೊನೆಗೆ ದ್ವೀಪ ತುಂಬ ಅವಳೇ. ಅಲೆ ಮಾತ್ರ ಮಾಮೂಲಿ ವೇಗದಲ್ಲಿ ಬರ್ತಾ ಇರ್ತದೆ. ಬಣ್ಣ ಎಲ್ಲ ಆಮೇಲೆ, ಕಲ್ಲಿಗೊಂದು ಪದರ, ನೀರಿಗೊಂದು, ಆಕಾಶಕ್ಕೊಂದು, ಪಾರದರ್ಶಕ ಬಣ್ಣ ಮೇಲಿಂದ. ಆಕಾಶದ ಕಿತ್ತಳೆ ನಿಧಾನಕ್ಕೆ ಕೆಳಗಿಳಿದು ಕಲ್ಲಿನ ಬಿರುಕಿಗೆ ಸೇರ್ತದೆ. ಆಕಾರ ಯಾವುದೂ ಕರಗುವುದಿಲ್ಲ. ನೋಡಿದವರು ಇದು ಕನಸಿನ ಹಾಗೆ ಉಂಟು ಅಂತಾರೆ, ಹುಡುಗಿ ಕಲ್ಲು ಎರಡೂ ನಿಜದ್ದೇ ಆದರೂ.

ಟ್ಯೂಬ್‌ಟಿವಿ

ಮಲ್ಪೆಯವರದ್ದು ನೋಡಲೇಬೇಕು, ಲಿಂಕ್ ಹಾಕಿ.

ಥಾರ್ಗರ್ಸನ್ ಕೂಡ ಹೀಗೇ ಹಟದ ಮನುಷ್ಯ. ಪಿಂಕ್ ಫ್ಲಾಯ್ಡ್‌ನ 'ವಿಶ್ ಯು ವರ್ ಹಿಯರ್' ಮುಖಪುಟಕ್ಕೆ ನಿಜವಾಗಿ ಸ್ಟಂಟ್‌ಮ್ಯಾನ್ ಮೈಗೆ ಬೆಂಕಿ ಹಚ್ಚಿದರು. ಅದೇ ತಂಡದ 1987ರ ಆಲ್ಬಮ್ಮಿಗೆ ಇಂಗ್ಲೆಂಡಿನ ಡೆವನ್ ಕಡಲತೀರದಲ್ಲಿ 700 ಕಬ್ಬಿಣದ ಮಂಚ ಸಾಲಾಗಿ ಹೂಡಿದರು, ಮಳೆ ಬಂದು ಕೆಟ್ಟಾಗ ಎಲ್ಲ ಎತ್ತಿ ಮತ್ತೊಮ್ಮೆ ಹೂಡಿದರು.

ನನ್ನ ಕ್ಷೇತ್ರ ವಿಡಿಯೊ ಫೀಡ್‌ಬ್ಯಾಕ್. ಹಳೆಯ ದಪ್ಪ ಟಿವಿ, ಅದಕ್ಕೆ ತಂತಿ ಕಟ್ಟಿದ ಕ್ಯಾಮೆರಾ, ಕ್ಯಾಮೆರಾ ನೋಡುವುದು ಅದೇ ಟಿವಿಯನ್ನು. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಹುಡುಕಿದರೆ ಬೇಕಾದ ತಂತಿ, ಕನೆಕ್ಟರ್ ಎಲ್ಲ ಸಿಗುತ್ತವೆ. ಕ್ಯಾಮೆರಾವನ್ನು ಒಂದಿಷ್ಟು ವಾರೆ ಮಾಡಿ ಬೆಂಕಿಕಡ್ಡಿ ಗೀರಿದರೆ ಆ ಜ್ವಾಲೆ ಸುರುಳಿಯಾಗಿ ಒಳಕ್ಕೆ ಓಡುತ್ತದೆ. ಕಡ್ಡಿ ಆರಿದ ಮೇಲೂ ಆಕಾರ ತನ್ನಷ್ಟಕ್ಕೆ ತಿರುಗುತ್ತಲೇ ಇರುತ್ತದೆ. ಮೂತಿ ಒಂದು ಕೂದಲೆಳೆ ತಿರುಗಿಸಿದರೆ ಐದು ದಳದ್ದು ಆರು ದಳ ಆಗುತ್ತದೆ. ಕ್ವೀನ್ ತಂಡದ 1975ರ 'ಬೊಹೀಮಿಯನ್ ರಾಪ್ಸೊಡಿ' ವಿಡಿಯೊದಲ್ಲಿ ಮುಖಗಳು ಸಾಲುಸಾಲಾಗಿ ಹಿಂದಕ್ಕೆ ಹೋಗುವುದು ಇದರಿಂದಲೇ.

ಇದನ್ನು ಯಂತ್ರವಾಗಿ ಕಟ್ಟಿದವರಲ್ಲಿ ನನಗೆ ದೊಡ್ಡವರು ಷಿಕಾಗೊದ ಡ್ಯಾನ್ ಸ್ಯಾಂಡಿನ್. ಎಪ್ಪತ್ತರ ದಶಕದ ಶುರುವಿನಲ್ಲಿ ತಮ್ಮ ಇಮೇಜ್ ಪ್ರೊಸೆಸರ್ ಕಟ್ಟಿ, ಅದರ ನಕ್ಷೆಯನ್ನೆಲ್ಲ ಕೇಳಿದವರಿಗೆ ಕೊಟ್ಟುಬಿಟ್ಟರು, ನೀವೇ ಕಟ್ಟಿಕೊಳ್ಳಿ ಅಂತ. ಸೋಲ್ಡರಿಂಗ್ ಗೊತ್ತಿದ್ದವರು ಈಗಲೂ ಪ್ರಯತ್ನಿಸಬಹುದು. ಬೇಡವೆಂದರೆ ಒಲಿವಿಯಾ ಜ್ಯಾಕ್ ಬರೆದ ಹೈಡ್ರಾ ಅನ್ನುವ ಸಾಫ್ಟ್‌ವೇರ್ ಇದೆ. ಬ್ರೌಸರಿನಲ್ಲೇ ಓಡುತ್ತದೆ, ದುಡ್ಡಿಲ್ಲ.

ನಮ್ಮ ದೇಶದ್ದೂ ಒಂದು ಹೇಳಿಬಿಡುತ್ತೇನೆ. ಸರ್ಕಾರದ ಫಿಲ್ಮ್ಸ್ ಡಿವಿಷನ್‌ನಲ್ಲಿ ಕೂತು ಪ್ರಮೋದ್ ಪತಿ 1968ರಲ್ಲಿ ಮಾಡಿದ 'ಎಕ್ಸ್‌ಪ್ಲೋರರ್' ಅನ್ನುವ ಕಿರುಚಿತ್ರ. ಮಾತೇ ಇಲ್ಲದೆ ಬರೀ ಎಡಿಟಿಂಗ್‌ನಲ್ಲಿ ಕಟ್ಟಿದ ಅಂಥ ಕೆಲಸಕ್ಕೆ ಆಗ ಸರ್ಕಾರಿ ಹಣ ಸಿಕ್ಕಿತ್ತು ಅನ್ನುವುದು ನನಗೆ ಈಗಲೂ ಸಂತೋಷ ಕೊಡುವ ವಿಷಯ.

ಕ್ಯಾಲೆಂಡರ್‌ಗೋಡೆ

ಕಲಬುರಗಿಯವನು. ನಮ್ಮೂರಿನ ಎಸ್. ಎಂ. ಪಂಡಿತರ ದೇವರ ಚಿತ್ರದ ಕ್ಯಾಲೆಂಡರ್‌ಗಳನ್ನು ನೋಡುತ್ತಾ ಬೆಳೆದವನು, ಹಾಗಾಗಿ ಜಿಮಿ ಹೆಂಡ್ರಿಕ್ಸ್‌ನ 1967ರ ಎರಡನೇ ಆಲ್ಬಮ್ಮಿನ ಬಗ್ಗೆ ಹೇಳದೆ ಇರಲಾರೆ.

'ಆಕ್ಸಿಸ್: ಬೋಲ್ಡ್ ಆಸ್ ಲವ್' ಮುಖಪುಟ ನಮ್ಮ ಕಡೆ ಸಿಗುವ ದೇವರ ಪೋಸ್ಟರ್. 'ವಿರಾಟಪುರುಷನ್ ವಿಷ್ಣುರೂಪಂ' ಅಂತ ಅದರ ಹೆಸರು. ಲಂಡನ್ನಿಗೆ ಅದು ಹೇಗೋ ತಲುಪಿತು. ಕಾರ್ಲ್ ಫೆರಿಸ್ ತೆಗೆದ ಫೋಟೊ ಆಧರಿಸಿ ರೋಜರ್ ಲಾ ಅನ್ನುವವರು ಹೆಂಡ್ರಿಕ್ಸ್ ಮತ್ತು ಜೊತೆಯ ಇಬ್ಬರು ವಾದಕರ ಮುಖ ಬರೆದು ನಡುವೆ ಕೂರಿಸಿದರು. ಹೆಂಡ್ರಿಕ್ಸ್‌ಗೇ ಅದು ಹಿಡಿಸಿರಲಿಲ್ಲ. ಅಮೆರಿಕದ ಮೂಲನಿವಾಸಿಗಳಾದ ತನ್ನ ಪೂರ್ವಜರ ಛಾಯೆ ಇದ್ದಿದ್ದರೆ ಚೆನ್ನಾಗಿತ್ತು ಅನ್ನುವುದು ಅವನ ಮನಸ್ಸು. 2014ರಲ್ಲಿ ಮಲೇಷ್ಯಾ ಸರ್ಕಾರ ಈ ಮುಖಪುಟವನ್ನು ನಿಷೇಧಿಸಿತು.

ಹಾಡು ಎಷ್ಟೇ ಇಷ್ಟವಿರಲಿ, ಈ ಮುಖಪುಟ ನೋಡಿದರೆ ನನಗೆ ಒಳಗೊಳಗೇ ನೋವು. ಕಾರಣ ದೇವರ ಜಾಗದಲ್ಲಿ ಗಿಟಾರ್ ವಾದಕ ಕೂತ ಅನ್ನುವುದಲ್ಲ. ಆ ಪೋಸ್ಟರ್ ಬರೆದ ಕೈ ಯಾರದು ಅಂತ ಯಾರೂ ಕೇಳಲಿಲ್ಲ. ಇಡೀ ಮುಖಪುಟದಲ್ಲಿ ಜಾಗ ತುಂಬಿರುವುದು ಆ ಕೈಯ ಕೆಲಸ. ಹೊಸಬರು ಇದನ್ನು ವಿಡಿಯೊ ಮಾಡುವಾಗ ಮುಖಗಳನ್ನು ಹಿಂಡಿ ಕರಗಿಸುತ್ತಾರೆ, ನೂರು ತಲೆ ಬಾಯಿ ತೆರೆಯುತ್ತವೆ. ವಿಶ್ವರೂಪದ ಕಲ್ಪನೆ ಅದಕ್ಕೆ ಉಲ್ಟಾ. ಎಲ್ಲ ಕಾಲ, ಎಲ್ಲ ಲೋಕ ಅಲ್ಲಿ ಒಮ್ಮೆಗೇ ಇವೆ. ಕುಮಾರವ್ಯಾಸನಲ್ಲಿ ಕೃಷ್ಣ ಕೌರವನ ಸಭೆಯಲ್ಲಿ ವಿಶ್ವರೂಪ ತೋರುವ ಭಾಗವನ್ನು ಒಳ್ಳೆಯ ಗಮಕಿ ಹಾಡಿದರೆ ಕೇಳಿ. ಚಲಿಸುವುದೆಲ್ಲ ನೋಡುವ ನಮ್ಮ ಕಣ್ಣು.

ಹಾಗಾದರೆ ಏನನ್ನು ಚಲಿಸಬಹುದು? ಅಚ್ಚನ್ನು. ಹಳೆಯ ಕ್ಯಾಲೆಂಡರ್ ಒಂದನ್ನು ಭೂತಗನ್ನಡಿಯಲ್ಲಿ ನೋಡಿ. ನಾಲ್ಕು ಬಣ್ಣದ ಚುಕ್ಕಿಗಳು, ನಾಲ್ಕು ಬೇರೆ ಬೇರೆ ಕೋನದಲ್ಲಿ. ಒಂದು ಪ್ಲೇಟ್ ಒಂದಿಷ್ಟು ಸರಿದಿದ್ದರೆ ಕಿರೀಟದ ಪಕ್ಕ ಗುಲಾಬಿ ಅಂಚು ಇಣುಕುತ್ತದೆ. ಚಿತ್ರವನ್ನು ಸ್ಕ್ಯಾನ್ ಮಾಡಿ ಸಯಾನ್, ಮೆಜೆಂಟಾ, ಹಳದಿ, ಕಪ್ಪು ಅಂತ ಬಿಡಿಸಿ, ಒಂದೊಂದು ಪದರವನ್ನು ಬಹಳ ನಿಧಾನಕ್ಕೆ ಸರಿಸಿ. ಚುಕ್ಕಿ ಚುಕ್ಕಿ ಸೇರುವ ಕಡೆ ಅಲೆ ಅಲೆಯಾಗಿ ವಿನ್ಯಾಸ ಹುಟ್ಟುತ್ತದೆ, ನಾಲ್ಕೂ ಸರಿ ಕೂತ ಕ್ಷಣ ಮುಖ ಸ್ಪಷ್ಟವಾಗುತ್ತದೆ. ನಾನು ಇದನ್ನು ದೇವರ ಚಿತ್ರದಲ್ಲಿ ಮಾಡಿಲ್ಲ, ಹೂವಿನ ಕ್ಯಾಲೆಂಡರಿನಲ್ಲಿ ಮಾಡಿದ್ದೇನೆ. ಕೈಮುಗಿಯುವ ಚಿತ್ರದ ಜೊತೆ ಎಷ್ಟು ದೂರ ಹೋಗಬೇಕು ಅನ್ನುವುದು ಅವರವರ ಮನಸ್ಸಿಗೆ ಬಿಟ್ಟದ್ದು, ನನ್ನ ಗೆರೆ ಇಲ್ಲಿದೆ.

ಹೊಸಮಾದರಿ

ಕ್ಯಾಲೆಂಡರ್‌ಗೋಡೆ ಅವರ ಮಾತು ತಟ್ಟಿತು. ಆದರೂ ಕೇಳುತ್ತೇನೆ: ಡೀನ್ ಥರದ ತೇಲುವ ಬಂಡೆ ಬರೆದರೆ ಕಳ್ಳತನವೇ? ಅವತಾರ್ ಸಿನಿಮಾ ತಮ್ಮ ಚಿತ್ರಗಳಿಂದ ಎತ್ತಿದ್ದು ಅಂತ 2013ರಲ್ಲಿ ಸ್ವತಃ ಡೀನ್ ಮೊಕದ್ದಮೆ ಹೂಡಿದರು. ನ್ಯೂಯಾರ್ಕ್ ನ್ಯಾಯಾಲಯ ಮರುವರ್ಷ ಅದನ್ನು ವಜಾ ಮಾಡಿತು.

ಕೆಂಪುನೀಲಿ

ಶೈಲಿಗೆ ಹಕ್ಕುಸ್ವಾಮ್ಯ ಇಲ್ಲ, ಬರೆದ ಚಿತ್ರಕ್ಕೆ ಇದೆ. ನಮ್ಮ ಕಾನೂನಿನಲ್ಲಿ ಕಲಾವಿದರ ಜೀವಿತಾವಧಿ ಮತ್ತು ಆಮೇಲೆ 60 ವರ್ಷ. ಥಾರ್ಗರ್ಸನ್ ತೀರಿಕೊಂಡದ್ದು 2013ರಲ್ಲಿ, ಡೀನ್ ನಮ್ಮ ನಡುವೆ ಇದ್ದಾರೆ. ಹಾಗಾಗಿ ಮುಖಪುಟವನ್ನೇ ಸ್ಕ್ಯಾನ್ ಮಾಡಿ ಓಡಿಸಿ ದುಡ್ಡು ಮಾಡುವ ಹಾಗಿಲ್ಲ. ಮಲ್ಪೆಯವರು ಮಾಡಿದ್ದರಲ್ಲಿ ಈ ತೊಂದರೆ ಬರುವುದೇ ಇಲ್ಲ ನೋಡಿ. ಕಲ್ಲು ಅವರ ಕಡಲಿನದು, ಮಗು ಅವರ ಮನೆಯದು, ತೆಗೆದುಕೊಂಡದ್ದು ಕಟ್ಟುವ ರೀತಿ.

ತೇಲುದ್ವೀಪ

@ಹೊಸಮಾದರಿ ಕಳ್ಳತನ ಅನ್ನುವ ಪದ ನಾನು ಬಳಸಲಾರೆ. ನನ್ನ ತಕರಾರು ಬೇರೆ. ಡೀನ್ 1972ರ 'ಕ್ಲೋಸ್ ಟು ದಿ ಎಡ್ಜ್' ಒಳಪುಟದಲ್ಲಿ ಬೆಟ್ಟದ ನೆತ್ತಿಯ ಮೇಲೆ ಒಂದು ಕೆರೆ ಬರೆದಿದ್ದಾರೆ. ಸುತ್ತಲೂ ಅಂಚಿನಿಂದ ನೀರು ಕೆಳಗೆ ಬೀಳುತ್ತಿದೆ, ಆದರೆ ಕೆರೆಗೆ ನೀರು ಬರುವ ದಾರಿ ಎಲ್ಲೂ ಇಲ್ಲ. ಆ ಕೆರೆ ಬತ್ತುವುದಿಲ್ಲ ಯಾಕೆ ಅನ್ನುವುದೇ ಚಿತ್ರದ ಜೀವ. ನಿಮ್ಮ ಎಐ ಮಾದರಿಗೆ ಆ ಚಿತ್ರ ಕೊಟ್ಟು ಓಡು ಅಂದರೆ ಅದು ಜಲಪಾತವನ್ನು ಇನ್ನೇನೋ ಮಾಡುತ್ತದೆ. ಯಾಕೆಂದರೆ ಒಂದು ಫ್ರೇಮಿನಿಂದ ಮುಂದಿನ ಫ್ರೇಮಿಗೆ ಹೋಗುವಾಗ ಅದು ಹತ್ತಿರದ ಚಿತ್ರವೊಂದನ್ನು ಊಹಿಸುತ್ತದೆ, ಆ ಕೆರೆಯ ಪ್ರಶ್ನೆಯನ್ನು ನೆನಪಿಟ್ಟುಕೊಳ್ಳುವುದಿಲ್ಲ. ನೆನಪಿಡುವ ಕೆಲಸ ನೀವು ಮಾಡಬೇಕು.

ಒಂದು ಪ್ರಯೋಗ ಮಾಡುತ್ತೀರಾ? ನೀವೇ ಒಂದು ಭೂದೃಶ್ಯ ಹುಟ್ಟಿಸಿ, ಒಂದೇ ಒಂದು. ಅದರ ಆಳದ ನಕ್ಷೆಯನ್ನು, ಅಂದರೆ ಯಾವುದು ಹತ್ತಿರ ಯಾವುದು ದೂರ ಅಂತ ತೋರಿಸುವ ಚಿತ್ರವನ್ನು, ಕಂಪ್ಯೂಟರಿನಿಂದಲೇ ಮಾಡಿಸಿ. ಆ ಕೆಲಸಕ್ಕೆ ಅದು ನಿಜಕ್ಕೂ ಒಳ್ಳೆಯದು. ಮುಂದಿನ ಬಂಡೆ, ನಡುವಿನ ನೀರು, ಹಿಂದಿನ ಮಂಜು ಅಂತ ಪದರ ಬಿಡಿಸಿ. ಆಮೇಲೆ ಯಾವ ಆಕಾರವನ್ನೂ ಬದಲಿಸಬೇಡಿ. ಒಂದು ಎಲ್‌ಪಿ ಬದಿಯಷ್ಟು ಹೊತ್ತು ಬೆಳಕು ಮಾತ್ರ ಸರಿಯಲಿ. ಅಷ್ಟು ಹೊತ್ತು ನೋಡುವ ಹಾಗೆ ಆ ದೃಶ್ಯ ಇದೆಯೇ ಇಲ್ಲವೇ ಅನ್ನುವುದು ಎರಡನೇ ನಿಮಿಷಕ್ಕೇ ಗೊತ್ತಾಗುತ್ತದೆ.

ಹೊಸಮಾದರಿ

20 ನಿಮಿಷ ಯಾರು ನೋಡುತ್ತಾರೆ ಅನ್ನುವ ಅನುಮಾನ ನನಗೆ ಇದ್ದೇ ಇದೆ. ಕರಗುವ ಚಿತ್ರದಲ್ಲೂ ಒಂದು ಸತ್ಯ ಇದೆ, ಕನಸುಗಳು ಹಾಗೇ ಇರುತ್ತವೆ ಅನ್ನುವುದನ್ನೂ ಬಿಟ್ಟುಕೊಡಲಾರೆ. ಆದರೆ ಇದನ್ನು ಮಾಡಿ ನೋಡುತ್ತೇನೆ. ಬೆಳಕು ಸರಿಸಲು ಏನು ಬಳಸಲಿ? ಗ್ರೇಡಿಯಂಟ್ ಹಾಕಿದರೆ ಸತ್ತ ಹಾಗೆ ಕಾಣುತ್ತದೆ.

ಗಾಜಿನಬಟ್ಟಲು

ಗ್ರೇಡಿಯಂಟ್ ಬ್ಯಾಡ್ರಿ. ನಾ ಎಣ್ಣಿ ನೀರಿಂದು ಒಂದು ಉದ್ದನ್ನ ಶಾಟ್ ತಗದು ಕಳಸ್ತೀನಿ, ಬರೀ ಕಿತ್ತಳಿ ಮತ್ತ ನೇರಳಿ, ಭಾಳ ನಿಧಾನ. ಅದನ್ನ ಮಸುಕು ಮಾಡಿ ನಿಮ್ಮ ಪದರಿನ ಮ್ಯಾಲೆ ಮಲ್ಟಿಪ್ಲೈ ಮೋಡಿನಾಗ ಹಾಕ್ರಿ, ಅಂದ್ರ ಎರಡೂ ಪದರ ಒಂದರಾಗೊಂದು ಕೂಡಿ ಕಾಣೋ ಹಂಗ. ಬೆಳಕು ಬಂಡಿ ಮ್ಯಾಲೆ ಹರದಂಗ ಆಗ್ತೈತಿ. ಮಲ್ಪೆಯವರಿಗೂ ಬೇಕಂದ್ರ ಹೇಳ್ರಿ.

ಮಲ್ಪೆಕಡಲು

ಬೇಕು ಬೇಕು. ಈಗ ಮಳೆಗಾಲ, ದ್ವೀಪಕ್ಕೆ ಬೋಟ್ ಬಿಡುವುದಿಲ್ಲ, ಹೊಸದಾಗಿ ತೆಗೀಲಿಕ್ಕೆ ಆಗುವುದಿಲ್ಲ. ತೆಗೆದಿಟ್ಟ ಕಪ್ಪು ಬಿಳುಪಿನದ್ದು ಉಂಟು. ಸೆಕೆಂಡಿಗೆ 25 ಫ್ರೇಮಿನದ್ದು, 2160 ಸಾಲು. ನೀವೂ ಅದೇ ಅಳತೆಯಲ್ಲಿ ತೆಗೆದ್ರೆ ಕೂರಿಸುವುದು ಸುಲಭ. ಕಿತ್ತಳೆ ಜಾಸ್ತಿ ಇರಲಿ, ನೇರಳೆ ಸ್ವಲ್ಪ ಸಾಕು.

ಗಾಜಿನಬಟ್ಟಲು

ಆತ್ರಿ. ಎಕ್ಸ್‌ಪೋಷರ್ ಲಾಕ್ ಮಾಡೇ ತಗೀತೀನಿ, ಇಲ್ಲಂದ್ರ ಬಣ್ಣ ಹಿಗ್ಗಿದಾಗೆಲ್ಲಾ ಫೋನ್ ತಾನ ಬೆಳಕು ಏರಿಳಸತೈತಿ. ಐತವಾರ ಕಳಸ್ತೀನಿ.